ಹೊಸ ಹುಳು ಬಂದಾಗ ಹೊಲದ ಲೆಕ್ಕ

ಪೆರಿಯಕುಳಂ ಸೀಮೆಯ ನಮ್ಮ ಒಕ್ಕಲು ಬಂಧುಗಳು ತಮ್ಮ ತೋಟದ ಬದುವಿನ ಮೇಲೆ ನಿಂತು ಸುತ್ತಲೂ ಒಮ್ಮೆ ಕಣ್ಣಾಡಿಸಲಿ. ಪರಂಗಿ, ಸೀಬೆ, ಸಪೋಟ, ಟೊಮೇಟೊ, ಮೆಣಸಿನಕಾಯಿ, ನೆಲಗಡಲೆ, ಮುಸುಕಿನ ಜೋಳ, ಮರಗೆಣಸು: ಇವೆಲ್ಲವೂ ಅಮೆರಿಕ ಖಂಡದಿಂದ ಹಡಗು ಹತ್ತಿ ಬಂದವು. ಬೆಟ್ಟದ ಮೇಲಿನ ಕಾಫಿ ಆಫ್ರಿಕದ್ದು. ಕಂಬಂ ಕಣಿವೆಗೆ ಹೆಸರು ತಂದ ದ್ರಾಕ್ಷಿಯೂ ಪರದೇಶದ ಬಳ್ಳಿಯೇ. ಇವನ್ನು ಕಳೆದರೆ ನಮ್ಮ ಸಂತೆಯಲ್ಲಿ ಉಳಿಯುವುದು ಸ್ವಲ್ಪ. ಆದುದರಿಂದ ಹೊರಗಿನಿಂದ ಬಂದ ಜೀವವೆಲ್ಲ ಕೇಡೆಂದು ಹೇಳುವವರ ಮಾತಿಗೆ ನಾವು ಒಪ್ಪುವವರಲ್ಲ. ಆದರೆ ಹೊಸದಾಗಿ ಬಂದ ಒಂದು ಗಿಡ ಅಥವಾ ಒಂದು ಹುಳು ಊರಿನ ಮಣ್ಣು, ಮರ, ಮಿಡತೆ, ಹಕ್ಕಿ, ದನ ಇವೆಲ್ಲವುಗಳ ನಡುವಿನ ಹಳೆಯ ಕೊಡುಕೊಳ್ಳುವಿಕೆಯನ್ನು ಹೇಗೆ ತಿರುಗಿಸಿಬಿಡುತ್ತದೆಂಬುದನ್ನು ಮಾತ್ರ ಚೆನ್ನಾಗಿ ತಿಳಿದಿರಬೇಕು. ಇದನ್ನು ವಿಜ್ಞಾನಿಗಳು ಇಂದು ಗಣಿತದಿಂದ ಅಳೆಯುತ್ತಾರೆ. ಗಣಿತವೆಂದೊಡನೆ ಹೆದರಬೇಕಾಗಿಲ್ಲ. ಸಂತೆಯಲ್ಲಿ ಬಡ್ಡಿ ಲೆಕ್ಕ ಬಲ್ಲವನಿಗೆ ಇದೂ ಬರುತ್ತದೆ.

ಮೊದಲು ಒಂದು ಹಳೆಯ ಸಂಗತಿ. ಚಪ್ಪಟೆ ಎಲೆಯ ಮುಳ್ಳುಕಳ್ಳಿಯನ್ನು ನಾವು ಪಾಪಾಸುಕಳ್ಳಿ ಎನ್ನುತ್ತೇವೆ, ತಮಿಳು ನೆರೆಯವರು ಸಪ್ಪಾತ್ತಿಕ್ಕಳ್ಳಿ ಎನ್ನುತ್ತಾರೆ. ಇದೂ ಅಮೆರಿಕದ್ದು. ಬೇಲಿಗೆಂದು ಬಂದದ್ದು, ಬೇಲಿ ಹಾರಿ ಹೊಲಕ್ಕಿಳಿಯಿತು. ಇದರ ಮೇಲೆ ಬೆಳೆಯುವ ಕೊಚಿನೀಲ್ ಎಂಬ ಬಿಳಿ ಹೊದಿಕೆಯ ಹುಳುವನ್ನು ಅರೆದರೆ ಕಿರಮಂಜಿ ಬಣ್ಣ ಬರುವುದು. ಆ ಬಣ್ಣದ ವ್ಯಾಪಾರಕ್ಕೆ ಆಸೆಪಟ್ಟು 1795ರಲ್ಲಿ ಬ್ರೆಜಿಲ್ ದೇಶದಿಂದ ಹುಳುವನ್ನು ಬಂಗಾಳಕ್ಕೆ ತಂದರು. ಬಂದದ್ದು ಒಳ್ಳೆಯ ಬಣ್ಣ ಕೊಡುವ ಜಾತಿಯಲ್ಲ, ಅದರ ದಾಯಾದಿ. ವ್ಯಾಪಾರ ಕೈಗೂಡಲಿಲ್ಲ. ಆದರೆ ಆ ಹುಳು ಒಂದು ಜಾತಿಯ ಕಳ್ಳಿಯನ್ನು ಹಿಡಿದು ತಿಂದು ನೆಲಸಮ ಮಾಡಿತು. 1836ರ ಸುಮಾರಿಗೆ ಅದನ್ನು ದಕ್ಷಿಣಕ್ಕೂ ತಂದರು. ಇಲ್ಲಿಯೂ ಆ ಕಳ್ಳಿ ಅಡಗಿತು. ಹುಳುವನ್ನು ಬಿಟ್ಟು ಕಳೆಯನ್ನು ಅಳಿಸಿದ ಉದಾಹರಣೆಗಳಲ್ಲಿ ಲೋಕಕ್ಕೇ ಇದು ಮೊದಲನೆಯದೆಂದು ಎಣಿಸುತ್ತಾರೆ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಆ ಹುಳು ಮುಟ್ಟದ ಇನ್ನೊಂದು ಜಾತಿಯ ಕಳ್ಳಿ ಇತ್ತು. ಅದು ಬೆಳೆಯುತ್ತ ಹೋಗಿ ಮದರಾಸು ಪ್ರಾಂತದ ಒಣಸೀಮೆಯಲ್ಲಿ ನೇಗಿಲು ಇಳಿಸಲಾಗದಂತೆ ಮಾಡಿತು. ಕಡೆಗೆ 1926ರಲ್ಲಿ ಸಿಂಹಳದಿಂದ ಮತ್ತೊಂದು ಜಾತಿಯ ಕೊಚಿನೀಲ್ ಹುಳುವನ್ನು ತರಿಸಿ ಬಿಟ್ಟರು. ಐದಾರು ವರ್ಷಗಳಲ್ಲಿ ಸುಮಾರು ಒಂದು ಲಕ್ಷ ಎಕರೆ ನೆಲ ಕಳ್ಳಿಯ ಹಿಡಿತದಿಂದ ಬಿಡುಗಡೆಯಾಯಿತು. ಇಂದು ಬದುವಿನ ಮೂಲೆಯಲ್ಲಿ ಒಂದೆರಡು ಕಳ್ಳಿಗಿಡ, ಅದರ ಮೇಲೆ ಹತ್ತಿಯಂತಹ ಬಿಳಿ ಹುಳು ಕಂಡರೆ, ಅದು ಆ ಹಳೆಯ ಯುದ್ಧದ ಉಳಿಕೆ ಎಂದು ತಿಳಿಯಬೇಕು. ಕಳ್ಳಿಯೂ ಪೂರ್ತಿ ಹೋಗಿಲ್ಲ, ಹುಳುವೂ ಹೋಗಿಲ್ಲ. ಒಂದನ್ನೊಂದು ಹಿಡಿದುಕೊಂಡು ಕಡಿಮೆ ಸಂಖ್ಯೆಯಲ್ಲಿ ನಿಂತಿವೆ. ಈ ನಿಲುವಿನ ಗುಟ್ಟೇ ನಮ್ಮ ಇಂದಿನ ವಿಷಯ.

ಹೊಸ ಜೀವ ನೆಲೆಯೂರುವುದೋ ಇಲ್ಲವೋ ಎಂಬುದಕ್ಕೆ ಗಣಿತಜ್ಞರು ಕೇಳುವ ಪ್ರಶ್ನೆ ಒಂದೇ. ಅದು ಬೆರಳೆಣಿಕೆಯಷ್ಟು ಇದ್ದಾಗ, ಒಂದು ಹೆಣ್ಣು ತನ್ನ ನಂತರ ಎಷ್ಟು ಹೆಣ್ಣುಗಳನ್ನು ಬದುಕಿಸಿ ಬಿಟ್ಟುಹೋಗುತ್ತದೆ? ಒಂದಕ್ಕಿಂತ ಕಡಿಮೆಯಾದರೆ ವಂಶ ಅಳಿಯುವುದು. ಒಂದಕ್ಕಿಂತ ಹೆಚ್ಚಾದರೆ ಬೆಳೆಯುವುದು. ಎಷ್ಟು ಮೊಟ್ಟೆ ಇಟ್ಟಿತೆಂಬುದು ಲೆಕ್ಕವಲ್ಲ, ಎಷ್ಟು ಬದುಕಿತೆಂಬುದು ಲೆಕ್ಕ.

ಇದಕ್ಕೆ ನಮ್ಮ ಕಾಲದಲ್ಲೇ ನಡೆದ ಒಂದು ದೃಷ್ಟಾಂತ ಉಂಟು. 2008ರಲ್ಲಿ ಕೊಯಮತ್ತೂರಿನಲ್ಲಿ ಪರಂಗಿ ಗಿಡಗಳ ಮೇಲೆ ಒಂದು ಹೊಸ ಹಿಟ್ಟುತಿಗಣೆ ಕಾಣಿಸಿಕೊಂಡಿತು. ತಮಿಳಿನಲ್ಲಿ ಮಾವುಪ್ಪೂಚ್ಚಿ ಎನ್ನುವರು. ಇದರ ತವರು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕ. ಶಾಸ್ತ್ರದ ಹೆಸರು ಪ್ಯಾರಾಕಾಕಸ್ ಮಾರ್ಜಿನೇಟಸ್. ಎರಡು ವರ್ಷದೊಳಗೆ ಇದು ತಮಿಳುನಾಡಿನ ಉದ್ದಗಲಕ್ಕೂ ಹಬ್ಬಿತು. ಪರಂಗಿ ಮಾತ್ರವಲ್ಲದೆ ಹಿಪ್ಪುನೇರಳೆ, ಮರಗೆಣಸು, ಹತ್ತಿ, ತೇಗ, ಕಡೆಗೆ ಬೀದಿಬದಿಯ ಕಳೆಗಳನ್ನೂ ಬಿಡಲಿಲ್ಲ. ರೇಷ್ಮೆ ಸಾಕುವವರು ಸೊಪ್ಪಿಲ್ಲದೆ ಹುಳುವನ್ನು ಎಸೆದರು. ಪರಂಗಿ ಬೆಳೆದವರು ಕಾಯಿಸಹಿತ ಗಿಡಗಳನ್ನು ಕಡಿದು ಸುಟ್ಟರು. ಔಷಧಿಯನ್ನು ಸುರಿದದ್ದೇ ಸುರಿದದ್ದು. ಹುಳುವಿನ ಮೈಮೇಲೆ ಮೇಣದ ಹಿಟ್ಟು ಇರುವುದರಿಂದ ಔಷಧಿ ಸರಿಯಾಗಿ ತಾಗದು; ತಾಗಿದರೂ ಪಕ್ಕದ ಕಳೆಗಿಡದಿಂದ ಮತ್ತೆ ಬಂದು ಸೇರುವುದು.

ತವರಿನಲ್ಲಿ ಇದೇ ಹುಳು ಯಾರಿಗೂ ದೊಡ್ಡ ತೊಂದರೆ ಕೊಡುತ್ತಿರಲಿಲ್ಲ. ಏಕೆಂದು ಲೆಕ್ಕ ಹಾಕೋಣ. ಒಂದು ಹೆಣ್ಣು ನೂರಾರು ಮೊಟ್ಟೆ ಇಡುತ್ತದೆ. ಮಳೆ, ಗಾಳಿ, ಜೇಡ, ಹಸಿವು ಇವೆಲ್ಲ ಸೇರಿ ಬಹುಪಾಲನ್ನು ಮುಗಿಸಿ, ಐದು ಹೆಣ್ಣು ಮಾತ್ರ ಉಳಿಯುತ್ತವೆಂದು ಇಟ್ಟುಕೊಳ್ಳಿ. ಐದು ಎಂಬುದು ಲೆಕ್ಕಕ್ಕಾಗಿ ನಾವು ಹಿಡಿದ ಅಂಕೆ. ಒಂದು ಐದಾಗುವುದು, ಐದು ಇಪ್ಪತ್ತೈದು, ಇಪ್ಪತ್ತೈದು ನೂರಿಪ್ಪತ್ತೈದು. ಹೀಗೆ ಆರು ತಲೆಮಾರಿಗೆ 15,625. ಒಂದು ತಲೆಮಾರಿಗೆ ಸುಮಾರು ಒಂದು ತಿಂಗಳು. ಅರ್ಧ ವರ್ಷದಲ್ಲಿ ಒಂದು ಹುಳುವಿನಿಂದ ತೋಟವೆಲ್ಲ ಬೆಳ್ಳಗಾಗುವುದು ಹೀಗೆ.

ತವರಿನಲ್ಲಿ ಇದರ ಹೊಟ್ಟೆಯಲ್ಲಿ ಮೊಟ್ಟೆ ಇಡುವ ಪುಟ್ಟ ಕಣಜಗಳಿವೆ. ಸೊಳ್ಳೆಗಿಂತಲೂ ಚಿಕ್ಕವು. ಮನುಷ್ಯನನ್ನು ಕಚ್ಚುವುದಿಲ್ಲ. ಕಣಜದ ಮರಿ ತಿಗಣೆಯನ್ನು ಒಳಗಿನಿಂದ ತಿಂದು, ಅದರ ಒಣಗಿದ ಚಿಪ್ಪಿಗೆ ತೂತು ಮಾಡಿ ಹೊರಬರುತ್ತದೆ. ಕಣಜ ಹತ್ತರಲ್ಲಿ ಒಂಬತ್ತು ಹುಳುವನ್ನು ಮುಗಿಸಿದರೆ, ಐದರಲ್ಲಿ ಹತ್ತನೆಯ ಒಂದು ಪಾಲು, ಎಂದರೆ ಅರ್ಧ ಮಾತ್ರ ಉಳಿಯಿತು. ಸಾವಿರ ಇದ್ದದ್ದು ಐನೂರಾಗಿ, ಇನ್ನೂರೈವತ್ತಾಗಿ, ನೂರಿಪ್ಪತ್ತೈದಾಗಿ ಇಳಿಯುವುದು. ಐದರಲ್ಲಿ ನಾಲ್ಕನ್ನು ಕಣಜ ಮುಗಿಸಿದರೆ ಉಳಿಯುವುದು ಸರಿಯಾಗಿ ಒಂದು. ಏರಿಕೆಯೂ ಇಲ್ಲ ಇಳಿಕೆಯೂ ಇಲ್ಲ. ಆ ಐದರಲ್ಲಿ ನಾಲ್ಕು ಎಂಬುದೇ ಗಡಿಕಲ್ಲು. ಅದರ ಈಚೆ ತೋಟ ಉಳಿಯುವುದು, ಆಚೆ ತೋಟ ಹೋಗುವುದು. ಹಡಗಿನಲ್ಲೋ ವಿಮಾನದಲ್ಲೋ ಹುಳು ಬಂತು, ಕಣಜ ಬರಲಿಲ್ಲ. ಇಷ್ಟೇ ನಡೆದದ್ದು.

ಬೆಂಗಳೂರಿನ ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಸ್ಥೆಯವರು 2010ರಲ್ಲಿ ಅಮೆರಿಕ ಸರ್ಕಾರದ ಕೃಷಿ ಇಲಾಖೆಯ ಸಹಾಯದಿಂದ ಪೋರ್ಟೊ ರಿಕೊ ದ್ವೀಪದ ಕಣಜಗಳನ್ನು ತರಿಸಿದರು. ಮೂರು ಜಾತಿ ಬಂದವು. ಅವು ರೇಷ್ಮೆಹುಳುವನ್ನಾಗಲಿ ಇತರ ಉಪಕಾರಿ ಕೀಟವನ್ನಾಗಲಿ ಮುಟ್ಟುವುದಿಲ್ಲವೆಂದು ಮೊದಲು ಕಟ್ಟಡದೊಳಗೆ ಪರೀಕ್ಷಿಸಿ, ಆ ವರ್ಷದ ಕೊನೆಯ ತಿಂಗಳುಗಳಲ್ಲಿ ಹೊಲಗಳಿಗೆ ಬಿಟ್ಟರು. ಮೂರರಲ್ಲಿ ಅಸೆರೊಫೇಗಸ್ ಪಪಾಯೆ ಎಂಬುದು ಎಲ್ಲಕ್ಕಿಂತ ಚೆನ್ನಾಗಿ ಹರಡಿತು. 2011ರ ಹೊತ್ತಿಗೆ ಹುಳುವಿನ ಅಬ್ಬರ ಇಳಿಯಿತು. ರೈತರಿಗೆ ಒಂದು ಕಾಸೂ ಖರ್ಚಿಲ್ಲ. ಬೆಂಗಳೂರಿಗೆ ಈ ವಿದ್ಯೆ ಹೊಸದಲ್ಲವೆಂಬುದನ್ನು ಇಲ್ಲಿ ಹೇಳದಿರಲಾರೆವು. 1957ರಿಂದಲೇ ಕಾಮನ್‌ವೆಲ್ತ್ ಸಂಸ್ಥೆಯೊಂದರ ಶಾಖೆ ಅಲ್ಲಿದ್ದು ಕೀಟಗಳಿಗೆ ಕೀಟವನ್ನು ಹುಡುಕುವ ಕೆಲಸ ಮಾಡುತ್ತಿತ್ತು.

ಇನ್ನು ಔಷಧಿಯ ವಿಚಾರ. ಇದು ನಮ್ಮವರ ಕೈಚೀಲಕ್ಕೆ ನೇರವಾಗಿ ತಾಗುವ ಮಾತಾದ್ದರಿಂದ ಸ್ವಲ್ಪ ನಿಧಾನವಾಗಿ ಓದಬೇಕು.

ಕಳ್ಳಿಯ ಹುಳು ಮದರಾಸಿಗೆ ಬಂದ ಅದೇ 1926ರಲ್ಲಿ ಇಟಲಿಯಲ್ಲಿ ವಿಟೊ ವೋಲ್ಟೆರ ಎಂಬ ಗಣಿತಜ್ಞರು ಒಂದು ಲೆಕ್ಕವನ್ನು ಪ್ರಕಟಿಸಿದರು. ಅದಕ್ಕೆ ಕಾರಣ ಮೀನು. ಅವರ ಅಳಿಯ ಡಾನ್‌ಕೋನ ಮೀನುಗಳನ್ನು ಅಭ್ಯಾಸ ಮಾಡುತ್ತಿದ್ದವರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಏಡ್ರಿಯಾಟಿಕ್ ಸಮುದ್ರದಲ್ಲಿ ಮೀನು ಹಿಡಿಯುವುದು ಕಡಿಮೆಯಾಗಿತ್ತು. ಆಗ ಸಂತೆಗೆ ಬಂದ ಮೀನಿನಲ್ಲಿ ಇತರ ಮೀನುಗಳನ್ನು ತಿನ್ನುವ ಜಾತಿಗಳ ಪಾಲು ಹೆಚ್ಚಿತ್ತು. ಯುದ್ಧ ಮುಗಿದು ಬಲೆ ಮತ್ತೆ ಇಳಿದೊಡನೆ ಆ ಪಾಲು ಕಡಿಮೆಯಾಯಿತು. ಇದು ಏಕೆ ಎಂದು ಮಾವನನ್ನು ಕೇಳಿದರು. ವೋಲ್ಟೆರ ಅವರ ಉತ್ತರ ಹೀಗೆ: ತಿನ್ನುವವನನ್ನೂ ತಿನ್ನಿಸಿಕೊಳ್ಳುವವನನ್ನೂ ಒಟ್ಟಿಗೆ ಕೊಲ್ಲುವ ಯಾವ ಉಪಾಯವೇ ಆಗಲಿ, ಕಡೆಗೆ ತಿನ್ನಿಸಿಕೊಳ್ಳುವವನಿಗೇ ಲಾಭ. ಏಕೆಂದರೆ ತಿನ್ನುವವನಿಗೆ ಎರಡು ಏಟು, ಒಂದು ತನ್ನ ಸಾವು, ಇನ್ನೊಂದು ಊಟದ ಅಭಾವ. ತಿನ್ನಿಸಿಕೊಳ್ಳುವವನಿಗಾದರೋ ಏಟು ಒಂದು, ವೈರಿ ಸತ್ತ ಲಾಭ ಒಂದು. ಅಮೆರಿಕದ ಲೋಟ್ಕ ಎಂಬವರೂ ಇದೇ ಸಮೀಕರಣವನ್ನು 1925ರಲ್ಲಿ ಬೇರೆಯಾಗಿಯೇ ಬರೆದಿದ್ದರು.

ಇದನ್ನು ಪರಂಗಿ ತೋಟಕ್ಕೆ ಹೊಂದಿಸಿ ನೋಡಿ. ಕಣಜ ಹತ್ತರಲ್ಲಿ ಒಂಬತ್ತನ್ನು ಮುಗಿಸುತ್ತಿದೆ. ಸಾವಿರ ಹುಳು ಐನೂರಾಗುವ ದಾರಿಯಲ್ಲಿದೆ. ಆಗ ಒಬ್ಬರು ಆತುರಪಟ್ಟು ಔಷಧಿ ಹೊಡೆದರು. ಮೇಣದ ಕಾರಣ ಹುಳು ಅರ್ಧ ಸತ್ತಿತು. ಮೇಣವಿಲ್ಲದ ಕಣಜ ಬಹುತೇಕ ಸತ್ತಿತು. ಉಳಿದವು ಹತ್ತರಲ್ಲಿ ಮೂರು ಹುಳುವನ್ನು ಮಾತ್ರ ಮುಗಿಸಬಲ್ಲವು. ಈಗ ಐದನ್ನು ಹತ್ತರಲ್ಲಿ ಏಳರಿಂದ ಗುಣಿಸಿ, ಅರ್ಧದಿಂದ ಮತ್ತೆ ಗುಣಿಸಿದರೆ ಒಂದೂಮುಕ್ಕಾಲು. ಸಾವಿರ ಹುಳು 1,750 ಆಯಿತು. ಮುಂದಿನ ತಿಂಗಳು ಹಾಗೆಯೇ ಹೊಡೆದರೆ ಮೂರು ಸಾವಿರ ದಾಟಿತು. ಹೊಡೆಯದೆ ಇದ್ದಿದ್ದರೆ ಅಷ್ಟರಲ್ಲಿ ಇನ್ನೂರೈವತ್ತು ಇರಬೇಕಾಗಿತ್ತು. ಔಷಧಿಗೆ ಹಣ ಕೊಟ್ಟು ಹುಳುವನ್ನು ಹನ್ನೆರಡು ಪಾಲು ಹೆಚ್ಚಿಸಿಕೊಂಡ ಹಾಗಾಯಿತು.

ಇದು ಕಾಗದದ ಮೇಲಿನ ಕಥೆಯಲ್ಲ. ಕ್ಯಾಲಿಫೋರ್ನಿಯದ ಕಿತ್ತಳೆ ತೋಟಗಳಿಗೆ ಆಸ್ಟ್ರೇಲಿಯದ ಹತ್ತಿಮೆತ್ತೆಯ ಶಲ್ಕಕೀಟ ಬಂದು ತೋಟಗಳು ಹಾಳಾಗುತ್ತಿದ್ದಾಗ, 1888-89ರಲ್ಲಿ ಆಸ್ಟ್ರೇಲಿಯದಿಂದಲೇ ವೆಡಾಲಿಯ ಎಂಬ ಗುಲಗಂಜಿ ಹುಳುವನ್ನು ತಂದು ಬಿಟ್ಟು ಉಳಿಸಿದರು. ಐವತ್ತು ವರ್ಷ ತೊಂದರೆ ಇರಲಿಲ್ಲ. ಎರಡನೆಯ ಮಹಾಯುದ್ಧದ ನಂತರ ಡಿ.ಡಿ.ಟಿ. ಬಂತು, ಗುಲಗಂಜಿ ಹುಳು ಸತ್ತಿತು, ಶಲ್ಕಕೀಟ ಮತ್ತೆ ಎದ್ದಿತು. ಇದೇ ಶಲ್ಕಕೀಟ 1928ರಲ್ಲಿ ನೀಲಗಿರಿಯ ವಾಟಲ್ ಮರಗಳಿಗೂ ಬಂದಿತ್ತು. ಅಲ್ಲಿಯೂ ವೆಡಾಲಿಯವೇ ಅದನ್ನು ಹದ್ದುಬಸ್ತಿನಲ್ಲಿ ಇಟ್ಟದ್ದು.

ವಾಚಕರಲ್ಲಿ ಕೆಲವರು ಕೇಳಬಹುದು: ಕಣಜವು ಹುಳುವನ್ನೆಲ್ಲ ತಿಂದುಬಿಟ್ಟರೆ ಮುಂದೆ ಅದಕ್ಕೇನು ಗತಿ? ಒಳ್ಳೆಯ ಪ್ರಶ್ನೆ. ಹುಳು ಕಡಿಮೆಯಾದರೆ ಕಣಜವೂ ಹಸಿದು ಕಡಿಮೆಯಾಗುವುದು. ಕಣಜ ಕಡಿಮೆಯಾಗಿ ಐದರಲ್ಲಿ ನಾಲ್ಕರ ಗಡಿಯಿಂದ ಕೆಳಗಿಳಿದೊಡನೆ ಹುಳು ಮತ್ತೆ ಏರುವುದು. ಅದನ್ನು ಹಿಂಬಾಲಿಸಿ ಕಣಜವೂ ಏರುವುದು. ಉಯ್ಯಾಲೆಯ ಹಾಗೆ. ಆಸ್ಟ್ರೇಲಿಯದ ಕೀಟಶಾಸ್ತ್ರಜ್ಞ ನಿಕೋಲ್ಸನ್ ಮತ್ತು ಭೌತಶಾಸ್ತ್ರಜ್ಞ ಬೇಲಿ 1935ರಲ್ಲಿ ಇದಕ್ಕೆ ಲೆಕ್ಕ ಕಟ್ಟಿದರು. ಅವರ ಲೆಕ್ಕದ ಪ್ರಕಾರ ಉಯ್ಯಾಲೆ ಸುತ್ತಿನಿಂದ ಸುತ್ತಿಗೆ ಹೆಚ್ಚು ಜೋರಾಗಿ ತೂಗಿ ಕಡೆಗೆ ಹಗ್ಗ ಹರಿಯಬೇಕು, ಎರಡೂ ಅಳಿಯಬೇಕು. ಹೊಲದಲ್ಲಿ ಹಾಗಾಗುವುದು ಅಪರೂಪ. ಏಕೆಂದರೆ ಹೊಲ ಒಂದೇ ಬಟ್ಟಲಲ್ಲ. ಈ ಬದುವಿನಲ್ಲಿ ಹುಳು ಮುಗಿದಿರುವಾಗ ಆ ಬದುವಿನಲ್ಲಿ ಏರುತ್ತಿರುತ್ತದೆ. ಸಂದುಗೊಂದಿನಲ್ಲಿ ಕಣಜಕ್ಕೆ ಸಿಕ್ಕದ ನಾಲ್ಕಾರು ಹುಳು ಅಡಗಿರುತ್ತವೆ. ಅವೇ ಮುಂದಿನ ಕಣಜದ ಬೀಜದ ಕಣ. ಬಿತ್ತನೆಗೆ ಬೀಜ ಇಟ್ಟುಕೊಳ್ಳದೆ ಉಂಡುಬಿಡುವ ಒಕ್ಕಲಿಗನುಂಟೆ? ಒಂದು ಹುಳುವೂ ಉಳಿಯಬಾರದೆಂದು ಹಟ ಹಿಡಿಯುವುದು ಹಾಗೆಯೇ. ನಮ್ಮ ಅಭಿಪ್ರಾಯದಲ್ಲಿ, ಕಣಜ ಬಂದ ತೋಟದಲ್ಲಿ ಹುಳು ಹಿಡಿದ ನಾಲ್ಕು ಕಳೆಗಿಡ ಬೇಲಿಯಲ್ಲಿ ಇದ್ದರೆ ಇರಲಿ.

ಮೇಲಿನ ಲೆಕ್ಕದಲ್ಲೆಲ್ಲ ಹುಳು ಹುಳುವಾಗಿಯೇ ಉಳಿಯುತ್ತದೆಂದು ಹಿಡಿದೆವು. ನಿಜದಲ್ಲಿ ಅದು ತಲೆಮಾರಿನಿಂದ ತಲೆಮಾರಿಗೆ ಬದಲಾಗುತ್ತದೆ. ಸಾವಿರ ಹುಳುವಿನಲ್ಲಿ ಒಂದಕ್ಕೆ ಮಾತ್ರ ಔಷಧಿ ತಾಗದ ಗುಣವಿದೆ ಎನ್ನಿ. ಔಷಧಿ ನೂರಕ್ಕೆ ತೊಂಬತ್ತೊಂಬತ್ತನ್ನು ಕೊಲ್ಲುತ್ತದೆ. ಮೊದಲ ಸಿಂಪಡಣೆಗೆ ಸಾಧಾರಣ ಹುಳು ಹತ್ತು ಉಳಿದವು, ಗಟ್ಟಿ ಹುಳು ಒಂದು. ಅದೇ ಪ್ರಮಾಣದಲ್ಲಿ ಅವು ಮತ್ತೆ ಬೆಳೆದು ಸಾವಿರವಾದಾಗ ಹನ್ನೊಂದರಲ್ಲಿ ಒಂದು ಗಟ್ಟಿ. ಎರಡನೆಯ ಸಿಂಪಡಣೆಯಾದ ಮೇಲೆ ಸಾಧಾರಣ ಒಂದಿದ್ದರೆ ಗಟ್ಟಿ ಹತ್ತು. ಎರಡೇ ಏಟಿಗೆ ತಕ್ಕಡಿ ಮಗುಚಿತು. ಔಷಧಿ ಮಾತ್ರ ಡಬ್ಬದಲ್ಲಿ ಹೇಗಿತ್ತೋ ಹಾಗೆಯೇ ಇದೆ. ಕಣಜವಾದರೋ ಜೀವ, ಹುಳು ಬದಲಾದರೆ ಅದೂ ಬದಲಾಗಬಲ್ಲದು.

ಎರಡೂ ಕಡೆ ಬದಲಾದದ್ದಕ್ಕೆ ದೊಡ್ಡ ನಿದರ್ಶನ ಆಸ್ಟ್ರೇಲಿಯದ ಮೊಲ. 1859ರಲ್ಲಿ ಬೇಟೆಯ ಮೋಜಿಗೆಂದು ಬಿಟ್ಟ ಕೆಲವು ಮೊಲಗಳು ಖಂಡವನ್ನೇ ಮೇಯ್ದವು. 1950ರಲ್ಲಿ ಅವುಗಳಿಗೆ ಮಿಕ್ಸೋಮ ಎಂಬ ರೋಗವನ್ನು ಹರಡಿಸಿದರು. ಮೊದಲು ರೋಗ ತಗುಲಿದ ನೂರಕ್ಕೆ ತೊಂಬತ್ತೊಂಬತ್ತು ಮೊಲ ಸತ್ತವು. ಕೆಲವೇ ವರ್ಷಗಳಲ್ಲಿ ರೋಗದ ತೀಕ್ಷ್ಣತೆ ಇಳಿಯಿತು, ಮೊಲಗಳ ತಾಳಿಕೆ ಏರಿತು. ಮೊಲವನ್ನು ಬೇಗನೆ ಕೊಲ್ಲುವ ರೋಗಾಣುವನ್ನು ಸೊಳ್ಳೆ ಇನ್ನೊಂದು ಮೊಲಕ್ಕೆ ಒಯ್ಯಲು ಸಮಯವಿರುವುದಿಲ್ಲ. ಏನೂ ಮಾಡದ ಸಪ್ಪೆ ರೋಗಾಣುವೂ ಹರಡದು. ನಡುವಣದೇ ಹೆಚ್ಚು ಹರಡುವುದು. ಇದನ್ನು ಫ್ರಾಂಕ್ ಫೆನ್ನರ್ ಎಂಬ ವೈದ್ಯವಿಜ್ಞಾನಿ ವರ್ಷ ವರ್ಷ ಅಳೆದು ಬರೆದಿಟ್ಟರು. ಗಣಿತಜ್ಞರು ಆಮೇಲೆ ಅದೇ ಅಂಕಿಗಳಿಂದ ಸಮೀಕರಣ ಕಟ್ಟಿದರು.

ಎರಡು ಜೀವಗಳ ಲೆಕ್ಕ ಇಷ್ಟು. ನೂರು ಜೀವಗಳು ಹೆಣೆದುಕೊಂಡಿರುವಲ್ಲಿ? ಆಸ್ಟ್ರೇಲಿಯದವರೇ ಆದ ರಾಬರ್ಟ್ ಮೇ 1972ರಲ್ಲಿ ಒಂದು ಸೂತ್ರ ಕೊಟ್ಟರು. ಒಂದು ಜೀವ ಇನ್ನೊಂದರ ಮೇಲೆ ಬೀರುವ ಬಲವನ್ನು ಅದರಿಂದಲೇ ಗುಣಿಸಿ, ಜಾತಿಗಳ ಸಂಖ್ಯೆಯಿಂದ ಗುಣಿಸಿ, ಎಷ್ಟು ಪಾಲು ಜಾತಿಗಳು ಪರಸ್ಪರ ಕಟ್ಟಿಕೊಂಡಿವೆಯೋ ಅದರಿಂದ ಗುಣಿಸಿದರೆ ಬರುವ ಮೊತ್ತ ಒಂದಕ್ಕಿಂತ ಕಡಿಮೆ ಇದ್ದರೆ ವ್ಯವಸ್ಥೆ ಅಲುಗಿದರೂ ನಿಲ್ಲುವುದು, ಮೀರಿದರೆ ಕುಸಿಯುವುದು. ಬಲ 0.4, ಜಾತಿ 20, ಕಟ್ಟು ನಾಲ್ಕರಲ್ಲಿ ಒಂದು ಪಾಲು ಎಂದರೆ 0.8 ಬರುತ್ತದೆ. ಹತ್ತು ಜಾತಿ ಹೆಚ್ಚಿದರೆ 1.2. ಹೊಸಬರು ಸೇರುತ್ತ ಹೋದಂತೆ ಒಂದು ದಿನ ಕೊನೆಯ ಒಬ್ಬ ಅತಿಥಿಯಿಂದ ಮನೆಯೇ ಅಲುಗಬಹುದೆಂಬ ಮಾತು. ಆದರೆ ಮೇ ಅವರ ಲೆಕ್ಕದಲ್ಲಿ ಕಟ್ಟುಗಳು ಚೀಟಿ ಎತ್ತಿದಂತೆ ಬಿದ್ದಿರುತ್ತವೆ. ಕಾಡಿನಲ್ಲಿ ಹಾಗಲ್ಲ, ನಿಲ್ಲಲಾರದ್ದು ಹೋಗಿ ನಿಲ್ಲುವಂಥದ್ದು ಉಳಿದಿರುತ್ತದೆ. ಅದಕ್ಕೇ ಇಂದಿನವರು ಗಣಕಯಂತ್ರದೊಳಗೆ ಜಾತಿಗಳನ್ನು ಒಂದೊಂದಾಗಿ ಬಿಡುತ್ತ, ಯಾವುದು ನೆಲೆಯೂರಿತು, ಅದರಿಂದ ಯಾವುದು ಅಳಿಯಿತು, ಉಳಿದವು ಹೇಗೆ ಬದಲಾದವು ಎಂದು ಸಾವಿರಾರು ಸಲ ಆಡಿಸಿ ನೋಡುತ್ತಾರೆ.

ಲೆಕ್ಕ ಮಾಡದೆ ಬಿಟ್ಟದ್ದರ ಫಲವನ್ನೂ ಲೋಕ ಉಂಡಿದೆ. ಕಬ್ಬಿನ ದುಂಬಿಯನ್ನು ತಿನ್ನಲೆಂದು 1935ರಲ್ಲಿ ಆಸ್ಟ್ರೇಲಿಯಕ್ಕೆ ತಂದ ಕಪ್ಪೆ ದುಂಬಿಯನ್ನು ಬಿಟ್ಟು ಉಳಿದುದೆಲ್ಲವನ್ನೂ ತಿಂದಿತು. ತಾನೇ ಹೊಸ ಪಿಡುಗಾಯಿತು. ನಮ್ಮ ಬೆಟ್ಟಗಳ ಲಂಟಾನಕ್ಕೆ ಹಲವು ಕೀಟಗಳನ್ನು ತಂದು ಬಿಟ್ಟರೂ ಅದು ಬಗ್ಗಲಿಲ್ಲ. ಮಲೆ ಮಹದೇಶ್ವರ ಬೆಟ್ಟದ ಕಡೆ ಅದರ ಕಡ್ಡಿಯಿಂದ ಕುರ್ಚಿ ಮೇಜು ಹೆಣೆದು ಮಾರುವವರಿದ್ದಾರೆ, ಅದಾದರೂ ಒಂದು ಉಪಯೋಗ. ಕಾಂಗ್ರೆಸ್ ಕಳೆಗೆಂದು ಮೆಕ್ಸಿಕೊದಿಂದ ತಂದು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ದುಂಬಿ ಕೆಲಸ ಮಾಡಿತು, ಆದರೆ ಸೂರ್ಯಕಾಂತಿಯನ್ನೂ ಕಡಿಯುತ್ತದೆಂದು ದೂರು ಎದ್ದು ಗಲಾಟೆಯಾಯಿತು.

ಹೊಸಬರು ಬರುವುದಂತೂ ನಿಂತಿಲ್ಲ. 2016ರಲ್ಲಿ ಪೊಳ್ಳಾಚಿಯ ತೆಂಗಿಗೆ ಸುರುಳಿ ಬಿಳಿನೊಣ ಬಂತು. ಅದರ ಹಿಂದೆಯೇ ಎನ್ಕಾರ್ಸಿಯ ಎಂಬ ಕಣಜವೂ ತಾನಾಗಿ ಕಾಣಿಸಿತು. ಗರಿಯ ಮೇಲಿನ ಕಪ್ಪು ಮಸಿಯನ್ನು ಕಂಡು ಗಾಬರಿಯಾಗಿ ಘೋರ ಔಷಧಿ ಹೊಡೆಯಬಾರದು, ಗಂಜಿನೀರು ಎರಚಿದರೆ ಮಸಿ ಒಣಗಿ ಉದುರುತ್ತದೆ. 2020ರಲ್ಲಿ ಕೇರಳದ ಮರಗೆಣಸಿಗೆ ಇನ್ನೊಂದು ಹಿಟ್ಟುತಿಗಣೆ ಬಂತು. ಆಫ್ರಿಕದಲ್ಲಿ ಕೋಟಿಗಟ್ಟಲೆ ಜನರ ಆಹಾರವಾದ ಮರಗೆಣಸನ್ನು ಅದೇ ಹುಳುವಿನಿಂದ ಉಳಿಸಿದ ಕಣಜವನ್ನು ತರಿಸಿ, 2022ರಲ್ಲಿ ತಮಿಳುನಾಡಿನಲ್ಲಿ ಬಿಡುಗಡೆ ಮಾಡಿದರು.

ನಿಮ್ಮ ತೋಟದಲ್ಲಿ ಕಣಜ ಇದೆಯೋ ಇಲ್ಲವೋ ಎಂದು ತಿಳಿಯಲು ಯಾರನ್ನೂ ಕಾಯಬೇಕಾಗಿಲ್ಲ. ಹಿಟ್ಟುತಿಗಣೆ ಹಿಡಿದ ಎಲೆಯ ತುಂಡುಗಳನ್ನು ತೋಟದ ಬೇರೆ ಬೇರೆ ಕಡೆಯಿಂದ ತಂದು, ಬೆಳೆದ ಹುಳು ಐವತ್ತು ಎಣಿಸಿ, ಅಗಲ ಬಾಯಿಯ ಗಾಜಿನ ಸೀಸೆಗೆ ಹಾಕಿ, ತೆಳ್ಳನೆಯ ಬಟ್ಟೆ ಕಟ್ಟಿ ನೆರಳಿನಲ್ಲಿಡಿ. ಹದಿನೈದು ಇಪ್ಪತ್ತು ದಿನ ಬಿಟ್ಟು ನೋಡಿ. ಉಬ್ಬಿ ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾದ, ದುಂಡನೆಯ ತೂತುಳ್ಳ ಚಿಪ್ಪುಗಳು ಕಣಜ ಮುಗಿಸಿದ ಹುಳುಗಳು. ಐವತ್ತರಲ್ಲಿ ಅವು ನಲವತ್ತರ ಸುಮಾರಿಗೆ ಇದ್ದರೆ ಸಿಂಪಡಿಸುವ ಯಂತ್ರವನ್ನು ಅಟ್ಟದ ಮೇಲಿಡಬಹುದು. ಐದೋ ಹತ್ತೋ ಇದ್ದರೆ ಕಣಜ ಬಂದಿದೆ, ಇನ್ನೂ ಹಿಂದಿದೆ. ಹುಳು ದಟ್ಟವಾಗಿರುವ ಕೊಂಬೆಗಳನ್ನು ಮಾತ್ರ ಕತ್ತರಿಸಿ ತೆಗೆದು ಒಂದು ತಿಂಗಳ ನಂತರ ಮತ್ತೆ ಎಣಿಸಿ. ಒಂದೂ ಇಲ್ಲದಿದ್ದರೆ ಆ ಸೀಸೆಯನ್ನೇ ಹಿಡಿದುಕೊಂಡು ಪೆರಿಯಕುಳಂ ತೋಟಗಾರಿಕೆ ಕಾಲೇಜಿಗೆ ಹೋಗಿ, ಕಣಜ ಎಲ್ಲಿ ಸಿಗುವುದೆಂದು ಕೇಳಿ. ಪಿ.ಕೆ.ಎಂ. ಒಂದು ಎಂಬ ನುಗ್ಗೆಯನ್ನು ದೇಶಕ್ಕೆಲ್ಲ ಕೊಟ್ಟ ಊರು ಅದು, ದಾರಿ ಕೇಳಬೇಕಾದ ದೂರವೂ ಅಲ್ಲ.